ಗೊತ್ತಿರುವವನ ಕುಕ್ಕರ್

"ಗುರುಗಳೇ, ಬಂದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿದ್ದೇನೆ. ಕೊಟ್ಟ ಔಷಧಿಯನ್ನು ಇನ್ನೊಂದರಲ್ಲಿ ಬರೆದಿದ್ದೇನೆ. ಯಾರಿಗೆ ಯಾವುದು ಹೋಯಿತೆಂದು ಎರಡನ್ನೂ ಕೂಡಿಸಿ ಬರೆಯುವ ಗೋಜು ಏತಕ್ಕೆ?" ಎಂದು ಪ್ರಭುಲಿಂಗ ಕೇಳಿದ. ಮಠಕ್ಕೆ ಬರುವ ಬಡವರಿಗೆ ಔಷಧಿ ಹಂಚುವುದು ಅವನ ಕೆಲಸ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಊರೆಲ್ಲ ತನಗೆ ಗೊತ್ತು ಎಂಬುದು ಅವನ ಹೆಮ್ಮೆ. ಕಾಲಕ್ಕೆ ತಕ್ಕಂತೆ ಅಂಗಡಿಗೆ ಕಂಪ್ಯೂಟರ್ ತಂದ. ಅದರಲ್ಲಿ ಎರಡು ಪಟ್ಟಿ. ಒಂದರಲ್ಲಿ ಗಿರಾಕಿಗಳ ಹೆಸರು, ಬೀದಿ, ಫೋನು. ಇನ್ನೊಂದರಲ್ಲಿ ಮಾರಾಟದ ಬಿಲ್ಲು.

ಕಂಪ್ಯೂಟರ್ ಜೋಡಿಸಿಕೊಟ್ಟವನು ಹೇಳಿದ, "ಯಜಮಾನರೇ, ಒಬ್ಬೊಬ್ಬ ಗಿರಾಕಿಗೂ ಒಂದೊಂದು ಸಂಖ್ಯೆ ಕೊಟ್ಟಿದ್ದೇನೆ. ಬಿಲ್ಲಿನಲ್ಲಿ ಆ ಸಂಖ್ಯೆ ಹಾಕಿದರೆ ಸಾಕು, ಯಾವ ಸಾಮಾನು ಯಾರ ಮನೆಗೆ ಹೋಯಿತೆಂದು ಅದೇ ಹೇಳುತ್ತದೆ."

"ಜನರಿಗೆ ಸಂಖ್ಯೆ ಹಾಕಲು ಇದೇನು ಜೈಲೇ? ನನ್ನ ಗಿರಾಕಿ ನನಗೆ ಗೊತ್ತಿಲ್ಲವೇ?" ಎಂದು ವ್ಯಾಪಾರಿ ಅವನಿಗೆ ಕಾಫಿ ಕುಡಿಸಿ ಕಳಿಸಿದ. ಬಿಲ್ಲಿನಲ್ಲಿ ತನಗೆ ತೋಚಿದ್ದನ್ನು ಬರೆಯುತ್ತ ಹೋದ.

ಹೀಗಿರಲು ಕಾರ್ಖಾನೆಯಿಂದ ಒಂದು ಓಲೆ ಬಂತು. ಕಳೆದ ತಿಂಗಳು ಕಳಿಸಿದ ಎಂಟು ಕುಕ್ಕರುಗಳಲ್ಲಿ ದೋಷವಿದೆ, ಮುಚ್ಚಳ ಯಾವಾಗ ಬೇಕಾದರೂ ಹಾರಬಹುದು, ಕೂಡಲೇ ಹಿಂದಕ್ಕೆ ಪಡೆಯಿರಿ ಎಂದು ಅದರಲ್ಲಿತ್ತು. ವ್ಯಾಪಾರಿ ಕಪಾಟು ನೋಡಿದ. ಎಂಟೂ ಮಾರಿಹೋಗಿದ್ದವು. ಬಿಲ್ಲುಗಳನ್ನು ತೆಗೆದು ನೋಡಿದ. ಒಂದರಲ್ಲೂ ಗಿರಾಕಿಯ ಸಂಖ್ಯೆ ಇರಲಿಲ್ಲ.

ಅಂಗಡಿಯ ಸಾಮಾನು ಸಾಗಿಸುವ ಆಟೋದವನನ್ನು ಕರೆದು ಹತ್ತಿ ಕೂತ. ಹೆಸರು ಕೆಟ್ಟೀತೆಂಬ ಭಯಕ್ಕೆ ಅವನಿಗೂ ವಿಷಯ ಹೇಳಲಿಲ್ಲ. ಎಡಕ್ಕೆ ನಡಿ, ಬಲಕ್ಕೆ ನಡಿ ಎಂದಷ್ಟೇ ಹೇಳಿದ. ಸಿಕ್ಕ ಕುಕ್ಕರನ್ನು ಗೋಣಿಚೀಲದಲ್ಲಿ ಸುತ್ತಿ ತಂದಿಟ್ಟುಕೊಂಡ. ಬೀದಿಯಲ್ಲಿ ಯಾರ ಮನೆಯ ಕುಕ್ಕರ್ ಕೂಗಿದರೂ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ.

ಮೊದಲ ದಿನ ಆರು ಸಿಕ್ಕವು. ಏಳನೆಯ ಬಿಲ್ಲಿನಲ್ಲಿ 'ದಪ್ಪ, ನಾಗರತ್ನಮ್ಮ' ಎಂದಿತ್ತು. ಗಿರಾಕಿಗಳ ಪಟ್ಟಿಯಲ್ಲಿ ನಾಲ್ವರು ನಾಗರತ್ನಮ್ಮಂದಿರು. ದಪ್ಪಗಿನ ನಾಗರತ್ನಮ್ಮ ನೀವೇನಾ ಎಂದು ಕೇಳುವುದು ಹೇಗೆ? ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದ. ಮೊದಲನೆಯವರು ಬಾಗಿಲು ಹಾಕಿಕೊಂಡರು. ಎರಡನೆಯವರು ಗಂಡನನ್ನು ಕರೆದರು. ಮೂರನೆಯವರು ಪೊರಕೆ ತೆಗೆದುಕೊಂಡರು. ನಾಲ್ಕನೆಯ ನಾಗರತ್ನಮ್ಮ ಒಣಗಿದ ನುಗ್ಗೆಕಾಯಿಯಂತಿದ್ದರು. ಕುಕ್ಕರ್ ಅವರ ಮನೆಯಲ್ಲೇ ಇತ್ತು. ತಳ ದಪ್ಪಗಿರುವುದೇ ಬೇಕೆಂದು ಕೇಳಿ ಒಯ್ದಿದ್ದರಂತೆ.

ಎಂಟನೆಯ ಬಿಲ್ಲಿನಲ್ಲಿ ಹೆಸರೇ ಇರಲಿಲ್ಲ. 'ಗೊತ್ತಿರುವವನೇ' ಎಂದು ಅವನದೇ ಅಕ್ಷರದಲ್ಲಿತ್ತು.

ವ್ಯಾಪಾರಿ ಗೊತ್ತಿರುವವರ ಮನೆಗಳಿಗೆಲ್ಲ ಹೋದ. ಭಾವಮೈದುನನ ಮನೆಗೆ ಹೋದ. ಚೀಟಿ ಗುಂಪಿನವರ ಮನೆಗೆ ಹೋದ. "ಐದು ವರ್ಷದ ಮೇಲೆ ಕುಕ್ಕರ್ ನೆಪಕ್ಕಾದರೂ ಬಂದಿರಲ್ಲ" ಎಂದು ಎಲ್ಲರೂ ಕೂರಿಸಿ ಉಪ್ಪಿಟ್ಟು ಕೊಟ್ಟರು. ಎರಡನೆಯ ದಿನ ಮುಗಿಯುವಷ್ಟರಲ್ಲಿ ಹನ್ನೊಂದು ತಟ್ಟೆ ಉಪ್ಪಿಟ್ಟಾಯಿತು, ಕುಕ್ಕರ್ ಮಾತ್ರ ಸಿಗಲಿಲ್ಲ.

ಮೂರನೆಯ ದಿನ ಅವನು ಮಾನ ಬಿಟ್ಟ. ಆಟೋಗೆ ಮೈಕು ಕಟ್ಟಿಸಿ, ಹೊರಡುತ್ತಲೇ ಕೂಗಿದ. "ನನ್ನ ಅಂಗಡಿಯಲ್ಲಿ ಕುಕ್ಕರ್ ಕೊಂಡ ಗೊತ್ತಿರುವವರೇ, ದಯವಿಟ್ಟು ಒಲೆ ಆರಿಸಿ. ಮುಚ್ಚಳ ಹಾರುತ್ತದೆ. ನೀವು ಯಾರೆಂದು ನನಗೆ ಚೆನ್ನಾಗಿ ಗೊತ್ತು, ಈಗ ನೆನಪಾಗುತ್ತಿಲ್ಲ."

ಆಟೋ ಗಕ್ಕನೆ ನಿಂತಿತು. ಆಟೋದವನು ತಿರುಗಿ ನೋಡಿದ.

"ಯಜಮಾನರೇ, ಅದು ನಾನು. ಬಿಲ್ಲು ಬರೆಯುವಾಗ ಹೆಸರು ಹೇಳಲು ಬಾಯಿ ತೆರೆದೆ. ಇರಲಿ ಬಿಡು, ಗೊತ್ತಿರುವವನೇ ಅಂದಿರಿ."

ಮೂರು ದಿನದಿಂದ ವ್ಯಾಪಾರಿ ನೋಡುತ್ತ ಕೂತಿದ್ದುದು ಆ ಬೆನ್ನನ್ನೇ. ಆಟೋದವನು ಗಾಡಿಯನ್ನು ತನ್ನ ಮನೆಯ ಕಡೆಗೆ ಓಡಿಸಿದ. ದಾರಿಯುದ್ದಕ್ಕೂ ವ್ಯಾಪಾರಿ ಮೈಕಿನಲ್ಲಿ ಅದನ್ನೇ ಕೂಗಿದ.

ಆಟೋದವನ ಹೆಂಡತಿ ಒಲೆಯ ಮೇಲೆ ಬೇಳೆ ಇಟ್ಟಿದ್ದಳು. ಗಂಡನ ಆಟೋದಿಂದ ಮೈಕಿನ ಸದ್ದು ಬರುವುದನ್ನು ಕೇಳಿ, ಇದೇನು ಹೊಸ ವೇಷ ಎಂದು ಮಗುವನ್ನು ಎತ್ತಿಕೊಂಡು ಬೀದಿಗೆ ಬಂದಳು. ಅವಳು ಹೊಸ್ತಿಲು ದಾಟಿದ್ದೇ ತಡ, ಒಳಗೆ ಢಮ್ ಎಂದಿತು. ಮುಚ್ಚಳ ಹೆಂಚು ಒಡೆದುಕೊಂಡು ಹೋಗಿ ಪಕ್ಕದವರ ಹಿತ್ತಿಲಿಗೆ ಬಿತ್ತು. ಬೇಳೆ ನಾಲ್ಕು ಗೋಡೆಗೂ ಮೆತ್ತಿಕೊಂಡಿತು.

ವ್ಯಾಪಾರಿ ಇಳಿದು ಅವಳ ಬಳಿಗೆ ಓಡಿದ. ಮಗುವಿನ ಪಾದ ಮುಟ್ಟಿ ನೋಡಿದ. ಬೆಚ್ಚಗಿತ್ತು, ಒಂದು ಗೀರೂ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಹೆಂಗಸು ಒಳಗೆ ಇಣುಕಿ ನೋಡಿ ಬಂದು ಹೇಳಿದಳು, "ಗೊತ್ತಿರುವವರೇ ಅಂತ ಊರಿಗೆಲ್ಲ ಕೂಗಿದಿರಿ. ಹೆಸರು ಹಿಡಿದು ಕರೆದಿದ್ದರೆ ಬೇಳೆಯಾದರೂ ಉಳಿಯುತ್ತಿತ್ತು."

ವ್ಯಾಪಾರಿ ಹೆಂಚು ಹಾಕಿಸಿಕೊಟ್ಟ, ಗೋಡೆಗೆ ಸುಣ್ಣ ಹೊಡೆಸಿಕೊಟ್ಟ. ಆಮೇಲೆ ಅಂಗಡಿಗೆ ಹೋಗಿ ಎಲ್ಲ ಬಿಲ್ಲುಗಳಿಗೂ ಗಿರಾಕಿಯ ಸಂಖ್ಯೆ ಸೇರಿಸಲು ಕೂತ. ಅದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಕತೆ ಕೇಳಿ ಪ್ರಭುಲಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ, ಗುರುಗಳೇ" ಎಂದ.

ಗುರುಗಳು ನಗಲಿಲ್ಲ.

"ಮೊನ್ನೆ ಒಂದು ಮಗುವಿಗೆಂದು ನಿನ್ನ ಕೈಯಿಂದ ಕಷಾಯದ ಪುಡಿ ಒಯ್ದರಲ್ಲ, ಆ ಮಗುವಿಗೆ ಜ್ವರ ಬಿಟ್ಟಿತೇ?" ಎಂದರು.

ಪ್ರಭುಲಿಂಗ ಒಂದು ಪುಸ್ತಕ ತೆರೆದ. ಅದನ್ನು ಮುಚ್ಚಿ ಇನ್ನೊಂದನ್ನು ತೆರೆದ. ಮತ್ತೆ ಮೊದಲನೆಯದನ್ನೇ ತೆರೆದ.