ಹತ್ತು ಸೆಕೆಂಡಿನ ಕನ್ನಡ

ಸರ್ಕಾರಿ ಟಿವಿಯ ಹಿರಿಯ ನಿರ್ದೇಶಕರೊಬ್ಬರು ದೆಹಲಿಯಿಂದ ಬಂದು ಬೆಂಗಳೂರಿನಲ್ಲಿ ಹೊಸ ಸ್ಟುಡಿಯೋ ಉದ್ಘಾಟಿಸಿದರು. ಅವರು ಹುಟ್ಟು ಕನ್ನಡಿಗರು. ಅದನ್ನು ಮರೆಯಲು ಇಪ್ಪತ್ತು ವರ್ಷ ಶ್ರಮಪಟ್ಟಿದ್ದರು. ತಮ್ಮ ಸುದ್ದಿ ಸಂಜೆಯ ವಾರ್ತೆಯಲ್ಲಿ ಹನ್ನೆರಡು ಭಾಷೆಗಳ ಚಾನೆಲ್‌ಗಳಲ್ಲೂ ಸರಿಯಾಗಿ ಹತ್ತು ಸೆಕೆಂಡು ಬರಬೇಕೆಂದು ಅಪ್ಪಣೆ ಮಾಡಿದರು. ಇಂಗ್ಲಿಷ್ ಹತ್ತಕ್ಕೆ ಮುಗಿಯಿತು. ಕನ್ನಡ ಇಪ್ಪತ್ತಾಯಿತು.

ಅನುವಾದಕಿ ಸುಗುಣಾಬಾಯಿಗೆ ಕರೆ ಹೋಯಿತು. ಆಕೆಯದು ವರ್ಷದ ಗುತ್ತಿಗೆಯ ಕೆಲಸ.

“ನಿನ್ನ ಕನ್ನಡಕ್ಕೆ ಬೊಜ್ಜು ಬಂದಿದೆ ಕಣಮ್ಮ, ಇಳಿಸು. ಆದರೆ ನಾನು ಮಾಡಿದ ಒಂದು ಕೆಲಸವೂ ಬಿಟ್ಟುಹೋಗಬಾರದು. ಆಗದಿದ್ದರೆ ನಾಳೆಯಿಂದ ಬರಬೇಡ.”

“ಆಗಲಿ ಸಾರ್.”

ಐದೇ ನಿಮಿಷದಲ್ಲಿ ಸುಗುಣಾಬಾಯಿ ಹೊಸ ಪ್ರತಿ ತಂದು ಎಲ್ಲರ ಮುಂದೆ ಓದಿದರು: “ನಿರ್ದೇಶಕ ದೆಹಲಿಯಿಂದ ಬಂದ. ದೀಪ ಹಚ್ಚಿದ. ರಿಬ್ಬನ್ ಕತ್ತರಿಸಿದ. ಹಾರ ಹಾಕಿಸಿಕೊಂಡ. ಭಾಷಣ ಮಾಡಿದ. ಉಂಡ.”

ಕ್ಯಾಮೆರಾದವರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ನಿರ್ದೇಶಕರಿಗೆ ಮರೆತ ಕನ್ನಡವೆಲ್ಲ ಒಮ್ಮೆಲೇ ನೆನಪಾಯಿತು.

“ಏನಿದು? ಬಂದ, ಉಂಡ! ನಾನೇನು ನಿಮ್ಮ ಮನೆಯ ಆಳೇ?”

“ಸರಿಯಾಗಿ ಹತ್ತು ಸೆಕೆಂಡು ಸಾರ್. ತಾವು ಮಾಡಿದ ಕೆಲಸ ಒಂದನ್ನೂ ಬಿಟ್ಟಿಲ್ಲ. ಬಿಡಲು ಉಳಿದದ್ದು ಮರ್ಯಾದೆ ಮಾತ್ರ. ‘ಮಾನ್ಯರು’, ‘ಆಗಮಿಸಿದರು’, ‘ದೀಪ ಬೆಳಗಿದರು’ ಎನ್ನಲು ಕನ್ನಡದಲ್ಲಿ ಸಮಯ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ನಮ್ಮ ಜವಾನನಿಗೂ ತಮಗೂ ಒಂದೇ ‘ಹಿ’.”

ನಿರ್ದೇಶಕರು ಬಾಗಿಲಲ್ಲಿ ನಿಂತಿದ್ದ ಜವಾನನ ಮುಖ ನೋಡಿದರು. ಆತ ವಿನಯದಿಂದ ನಕ್ಕ.

“ಕನ್ನಡಕ್ಕೆ ಮೂವತ್ತು ಸೆಕೆಂಡು ಕೊಡಿ,” ಎಂದರು ನಿರ್ದೇಶಕರು. “ಇನ್ನು ಮುಂದೆ ನನ್ನ ಸುದ್ದಿಯನ್ನೆಲ್ಲ ಮೇಡಂ ಅವರೇ ಬರೆದುಕೊಡಲಿ.”