ಯಮನಿಗೆ ಕಣಿ ಹೇಳಿದವಳು

ಹೆದರಿಕೆಗೆ ಬಹುಮಾನ ಬರುವುದು ಅಪರೂಪ. ಶಿವಲೀಲಾಗೆ ಬಂದಿತ್ತು.

ಹಿಂದಿನ ವರ್ಷ ಕಾಲೇಜಿನ ವೇಷಭೂಷಣ ಮತ್ತು ಪ್ರತಿಭಾ ಸ್ಪರ್ಧೆಯಲ್ಲಿ ಅವಳು ಶಾರದೆಯ ವೇಷ ಹಾಕಿ ವೇದಿಕೆ ಹತ್ತಿದ್ದಳು. ಹಾಡಬೇಕಿತ್ತು. ಬಾಯಿ ತೆರೆಯಲಿಲ್ಲ. ಮೂರು ನಿಮಿಷ ಅಲುಗಾಡದೆ ನಿಂತಳು. ತೀರ್ಪುಗಾರರು ಅದನ್ನು ವಿಗ್ರಹದ ಅಭಿನಯವೆಂದು ತಿಳಿದು ಮೂರನೇ ಬಹುಮಾನ ಕೊಟ್ಟರು. ಉಸಿರಿನ ಮೇಲಿನ ಹಿಡಿತವನ್ನು ವಿಶೇಷವಾಗಿ ಮೆಚ್ಚಿಕೊಂಡರು.

ಅಂದಿನಿಂದ ಕಾಲೇಜಿನಲ್ಲಿ ಅವಳ ಹೆಸರು ವಿಗ್ರಹ.

ಈ ವರ್ಷ ಅವಳ ಪದವಿ ಮುಗಿಯುತ್ತದೆ. ಮುಂದೆ ಬಿ.ಎಡ್. ಓದಿ ಶಿಕ್ಷಕಿಯಾಗುವ ಆಸೆ. ಶಿಕ್ಷಕಿಯಾದವಳು ಆಗಾಗ ಮಾತಾಡಬೇಕಾಗುತ್ತದೆ. ಈ ಸಲವೂ ವೇದಿಕೆಯ ಮೇಲೆ ಮಾತು ಬರದಿದ್ದರೆ ಬಿ.ಎಡ್.ಗೆ ಅರ್ಜಿಯನ್ನೇ ಹಾಕುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು.

ಊರ ಹೊರಗೆ ಹೊಳೆ. ಹೊಳೆಯ ದಂಡೆಯಲ್ಲಿ ಆಶ್ರಮ. ಆಶ್ರಮವೆಂದರೆ ಎರಡು ಕೋಣೆ, ಒಂದು ಕಟ್ಟೆ ಮತ್ತು ಮರುಳಯ್ಯನವರು. ಶಿವಲೀಲಾ ಚಿಕ್ಕಂದಿನಿಂದ ಅವರ ಬಳಿ ಪಾಠ ಕೇಳಿದವಳು. ಅವರ ಮುಂದೆ ಅವಳಿಗೆ ಮಾತು ಸಲೀಸು; ಅರ್ಜಿಯ ವಿಷಯವನ್ನೂ ಅವರಿಗೆ ಹೇಳಿದ್ದಳು.

“ಅಜ್ಜಾರ, ಹೆದರಿಕಿ ಹೋಗೋ ಮಂತ್ರ ಇದ್ರ ಕೊಡ್ರಿ,” ಎಂದಳು.

ಮರುಳಯ್ಯನವರು ಶೇಂಗಾ ಸುಲಿಯುತ್ತಿದ್ದರು.

“ಯಾರ ಹೆದರಿಕಿ?”

“ಮಂದೀದು.”

“ಎಷ್ಟು ಮಂದಿ?”

“ನಾನೂರು.”

“ಹೋದ ವರ್ಷ ಮುಂದಿನ ಸಾಲಿನ್ಯಾಗ ಯಾರು ಕುಂತಿದ್ರು?”

ಶಿವಲೀಲಾ ಯೋಚಿಸಿದಳು. “ನೋಡ್ಲಿಲ್ರಿ. ಮಂದೀನ ನೋಡಬ್ಯಾಡ, ಹಿಂದಿನ ಗೋಡಿಮ್ಯಾಗ ಗಡಿಯಾರ ಐತಿ, ಅದನ್ನ ನೋಡು ಅಂತ ಪ್ರಿನ್ಸಿಪಾಲ್ ಸರ್ ಹೇಳಿದ್ರು.”

“ನೋಡಿದ್ಯಾ?”

“ನೋಡಿದೆ. ಮೂರು ನಿಮಿಷ ಆಗಿದ್ದು ಗೊತ್ತಾತು.”

“ಅಂದ್ರ ಒಬ್ಬರ ಮಾರೀನೂ ನೋಡಿಲ್ಲ. ನೋಡದ ಮಂದಿಗೆ ಹೆದರೀದಿ.”

“ಹೌದ್ರಿ.”

ಮರುಳಯ್ಯನವರು ಎರಡು ಶೇಂಗಾ ಬಾಯಿಗೆ ಹಾಕಿಕೊಂಡರು. “ಈ ಸಲ ಏನು ವೇಷ?”

“ಕಣಿ ಹೇಳೂ ಹೆಂಗಸಿಂದು. ಮಾತು ಕಡ್ಡಾಯ ಮಾಡ್ಯಾರ. ಕನ್ನಡ ಮೇಡಂ ಬರದು ಕೊಟ್ಟಾರ. ಪೂರಾ ಪ್ರಾಸ.”

“ನಾಳೆ ಭಾನುವಾರ, ಆಚೆ ದಂಡ್ಯಾಗ ಸಂತಿ. ಅದ ವೇಷದಾಗ ಹರಿಗೋಲಿನ್ಯಾಗ ಕುಂತು ಹೋಗಿ ಬಾ.”

“ಮಂದಿಗೆ ಕಣಿ ಹೇಳಬೇಕಾ?”

“ನಾ ಎಲ್ಲಿ ಹೇಳು ಅಂದೆ? ಕುಂತು ಹೋಗಿ ಬಾ.”

ಹರಿಗೋಲು ದುಂಡನೆಯ ದೋಣಿ. ಅದರಲ್ಲಿ ಹಿಂದಿನ ಸಾಲು ಎಂಬುದಿಲ್ಲ. ಎಲ್ಲರೂ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡಬೇಕು. ಗಡಿಯಾರವೂ ಇರುವುದಿಲ್ಲ.

ಶಿವಲೀಲಾ ಹಸಿರು ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮ ಇಟ್ಟು, ಕಂಕುಳಲ್ಲಿ ಬುಟ್ಟಿ ಹಿಡಿದು ಬಂದಳು. ಬುಟ್ಟಿಯಲ್ಲಿ ಪ್ರಾಸದ ಹಾಳೆ ಇತ್ತು. ನಿಂತೇ ಇದ್ದಳು.

“ಕುಂದ್ರವಾ,” ಎಂದ ಅಂಬಿಗರ ದ್ಯಾಮಣ್ಣ. “ನಿಂತ್ರ ಮಗುಚತೈತಿ. ನಿನ್ನ ಭವಿಷ್ಯ ನೀನ ನೋಡ್ಕೊಂಡಿಲ್ಲೇನು?”

ಕೂತಳು. ಪಕ್ಕದಲ್ಲಿ ಸಂತೆಗೆ ಸೌತೆಕಾಯಿ ಒಯ್ಯುತ್ತಿದ್ದ ಹೆಂಗಸು. ಅವಳು ಬುಟ್ಟಿಗೆ ಕೈ ಹಾಕಿ ಹಾಳೆಯನ್ನು ತೆಗೆದು, ಅದರಲ್ಲಿ ತನ್ನ ಎಲೆ ಅಡಿಕೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅದು ನಂದು,” ಎಂದಳು ಶಿವಲೀಲಾ.

“ಇರ್ಲಿ ಬಿಡವಾ, ಬರೇ ಹಾಳಿ. ತಗೋ, ನನ್ನ ಕೈ ನೋಡು.”

“ನನಗ ಕಣಿ ಬರಂಗಿಲ್ರಿ. ನಾ ಕಾಲೇಜು ಹುಡುಗಿ.”

“ಈಗ ಎಲ್ಲಾರೂ ಕಾಲೇಜಿಗೆ ಹೋಗ್ತಾರ. ನೋಡು.”

ಕೈ ಮಡಿಲಿಗೇ ಬಂದು ಬಿತ್ತು. ತಪ್ಪಿಸಿಕೊಂಡು ಓಡಲು ಸುತ್ತ ಹೊಳೆ. ಶಿವಲೀಲಾ ಕೈ ನೋಡಿದಳು. ಹೆಬ್ಬೆರಳ ಬುಡದಲ್ಲಿ ಸುಟ್ಟ ಗಾಯ, ಹಳೆಯದಲ್ಲ.

“ಇದೇನ್ರಿ, ಸುಟ್ಟದ್ದು?”

“ರೊಟ್ಟಿ ಹಂಚು. ಎಂಟು ತಿಂಗಳಾತು, ನಾನ ರೊಟ್ಟಿ ಬಡೀಲಿಕ್ಹತ್ತೀನಿ. ಸೊಸಿ ತವರಿಗೆ ಹೋದಾಕಿ ಬಂದಿಲ್ಲ. ಬರ್ತಾಳೋ ಇಲ್ಲೋ, ಅದನ್ನ ಹೇಳು.”

“ಯಾಕ ಹೋದ್ಳು?”

ಹೆಂಗಸು ಹೇಳತೊಡಗಿದಳು. ಹೊಳೆಯ ನಡುವಿಗೆ ಬರುವ ತನಕ ತಪ್ಪೆಲ್ಲ ಸೊಸೆಯದು. ನಡು ದಾಟಿದ ಮೇಲೆ ತಪ್ಪು ಸ್ವಲ್ಪ ಸ್ವಲ್ಪವಾಗಿ ಅತ್ತೆಯ ಕಡೆಗೆ ಸರಿಯಿತು. ಆಚೆ ದಂಡೆ ಮುಟ್ಟುವ ಹೊತ್ತಿಗೆ ಅವಳ ಕಣ್ಣು ಒದ್ದೆಯಾಗಿತ್ತು.

“ನೀವ ಹೋಗಿ ಕರದು ಬರ್ರಿ,” ಎಂದಳು ಶಿವಲೀಲಾ. ಬೇರೆ ಏನು ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

“ಇಷ್ಟು ಛಲೋ ಕಣಿ ಯಾರೂ ಹೇಳಿದ್ದಿಲ್ಲ,” ಎಂದ ದ್ಯಾಮಣ್ಣ. “ನನಗೂ ಇದನ್ನ ಹೇಳಾಕ ಬರ್ತಿತ್ತು. ಸೀರಿ ಉಟ್ಟಿದ್ದಿಲ್ಲ ಅಷ್ಟ.”

ಬರುವಾಗ ಇನ್ನೂ ನಾಲ್ವರು ಕೈ ಚಾಚಿದರು.

ಸಂಜೆ ಶಿವಲೀಲಾ ಆಶ್ರಮಕ್ಕೆ ಬಂದಳು.

“ಅಜ್ಜಾರ, ಕಣಿ ಬರಂಗಿಲ್ಲ ಅಂದೆ, ಯಾರೂ ಕೇಳ್ಲಿಲ್ಲ. ಹೆದರಿಕಿ ಮಾತ್ರ ಆಗ್ಲೇ ಇಲ್ರಿ. ಹೋತು ಅದು.”

“ಎಲ್ಲಿಗೆ ಹೋತು?”

“ಎಲ್ಲಿಗಂದ್ರ? ಹೋತು ಅಷ್ಟ.”

“ಹೇಳಿ ಹೋಗ್ಯಾದೋ, ಹೇಳದ ಹೋಗ್ಯಾದೋ?”

“ಹೇಳಿಲ್ರಿ.”

“ಹಂಗಿದ್ರ ಬಾಗಲಾ ತೆರದ ಇಡು,” ಎಂದು ಮರುಳಯ್ಯನವರು ಸ್ನಾನಕ್ಕೆ ಎದ್ದರು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಪರ್ಧೆ ಶುರುವಾಯಿತು. ಇಬ್ಬರು ಸೈನಿಕರು, ಒಬ್ಬ ತರಕಾರಿ ಮಾರುವವಳು, ಒಂದು ಮರ ಬಂದು ಹೋದವು. ಮರದ ವೇಷದವನು ಪ್ಲಾಸ್ಟಿಕ್ ಎಲೆಗಳನ್ನು ಕಟ್ಟಿಕೊಂಡು ಪ್ಲಾಸ್ಟಿಕ್ ವಿರುದ್ಧ ಮಾತಾಡಿ ಚಪ್ಪಾಳೆ ಗಿಟ್ಟಿಸಿದ.

ಶಿವಲೀಲಾಳ ಸರದಿ ಬಂತು. ಅವಳು ವೇದಿಕೆಯ ನಡುವೆ ಬಂದು ನಿಂತಳು. ಮೇಡಂ ಬರೆದ ಪ್ರಾಸದ ಮೊದಲ ಸಾಲು ನೆನಪಿನಲ್ಲಿ ಇರಲಿಲ್ಲ. ಎರಡನೆಯದೂ ಇರಲಿಲ್ಲ. ಬುಟ್ಟಿ ಹಿಡಿದ ಕೈ ಎಷ್ಟು ನಡುಗಿತೆಂದರೆ ಬುಟ್ಟಿಗೆ ಕಟ್ಟಿದ್ದ ಗೆಜ್ಜೆ ತಾನಾಗಿ ಸದ್ದು ಮಾಡಿತು. ಭಾನುವಾರ ಹೋದ ಹೆದರಿಕೆ ಶುಕ್ರವಾರ ವಾಪಸು ಬಂದಿತ್ತು.

“ವಿಗ್ರಹ ಬಂತು, ಕೈ ಮುಗೀರಿ,” ಎಂದು ಪರದೆಯ ಪಕ್ಕದಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಶಿವಲೀಲಾ ಗಡಿಯಾರ ನೋಡಲು ಹೋಗಿ, ನೋಡದೆ, ಕೂಗಿದವನ ಕಡೆಗೆ ತಿರುಗಿದಳು.

ಅಲ್ಲಿ ಯಮ ನಿಂತಿದ್ದ. ಬಿ.ಕಾಂ. ಓದುವ ಅಜಿತ, ಮುಂದಿನ ಸರದಿಯವನು. ಹೆಗಲ ಮೇಲೆ ಗದೆ. ಅಂಟಿಸಿದ ಮೀಸೆ ಬೆವರಿಗೆ ಒಂದು ಕಡೆ ಬಿಟ್ಟುಕೊಂಡು ಜೋತು ಬಿದ್ದಿತ್ತು. ನಗುತ್ತಿದ್ದ. ಮುಖ ಮಾತ್ರ ನಗುವವನದಾಗಿರಲಿಲ್ಲ.

“ಯಮರಾಯ,” ಎಂದಳು ಶಿವಲೀಲಾ. ದನಿ ಸಣ್ಣಗೆ ಬಂತು, ಆದರೆ ಬಂತು. “ಬಾ ಇಲ್ಲಿ. ಕೈ ಕೊಡು.”

ಯಮ ಕದಲಲಿಲ್ಲ. “ಹೋಗಲೇ, ಹೋಗು,” ಎಂದು ಮರ ಅವನನ್ನು ಹಿಂದಿನಿಂದ ತಳ್ಳಿತು. ಅವನು ಎರಡು ಹೆಜ್ಜೆ ಮುಗ್ಗರಿಸಿ ವೇದಿಕೆಯ ಮೇಲೆ ಬಂದ. ಶಿವಲೀಲಾ ಕೆಳಗೆ ಕೂತಳು. ಅವನೂ ಕೂತ. ಅವಳು ಅವನ ಕೈ ಹಿಡಿದುಕೊಂಡಳು. ತಣ್ಣಗಿತ್ತು, ಒದ್ದೆಯಾಗಿತ್ತು.

“ಏನು ಕೇಳ್ತಿ, ಕೇಳು.”

ಅಜಿತ ಮೈಕಿಗೆ ಕೇಳದಂತೆ ಬಗ್ಗಿ ಹೇಳಿದ. “ಶಿವಲೀಲಾ, ನನಗ ಎಲ್ಲಾ ಮರತು ಹೋಗೇತಿ. ಒಂದು ಮಾತೂ ನೆನಪಿಲ್ಲ.”

ವರ್ಷದಲ್ಲಿ ಮೊದಲ ಸಲ ಕಾಲೇಜಿನಲ್ಲಿ ಒಬ್ಬರು ಅವಳನ್ನು ಹೆಸರು ಹಿಡಿದು ಕರೆದಿದ್ದರು.

ಅವಳು ಅವನ ಅಂಗೈಯನ್ನು ಹತ್ತಿರಕ್ಕೆ ಎಳೆದುಕೊಂಡು ಗಟ್ಟಿಯಾಗಿ ಹೇಳಿದಳು. “ಯಮರಾಯಗ ಇವತ್ತು ಒಂದು ಗಂಡಾಂತರ ಐತಿ.”



“ಯಾರಿಂದ?” ಎಂದ ಯಮ. ನಿಜವಾಗಿಯೂ ಕೇಳಿದ.

“ಮುಂದ ಕುಂತ ನಾನೂರು ಮಂದಿಯಿಂದ.”

ಸಭೆ ನಕ್ಕಿತು. ಹಿಂದಿನ ನಗುವಲ್ಲ.

“ಪರಿಹಾರ ಏನವಾ?”

“ಮೊದಲ ಮೀಸಿ ಅಂಟಿಸ್ಕೋ.”

ಅಲ್ಲಿಂದ ಮುಂದೆ ಬರೆದು ಕೊಟ್ಟದ್ದು ಒಂದೂ ಬರಲಿಲ್ಲ. ಕೋಣ ಮೇವು ತಿನ್ನುತ್ತದೆಯೇ ಎಂದು ಅವಳು ಕೇಳಿದಳು. ರಜೆ ಸಿಗದೆ ಎಷ್ಟು ಯುಗವಾಯಿತು ಎಂದು ಅವನು ಹೇಳಿಕೊಂಡ. ಅವಳು ಮುಂದಿನ ಸಾಲಿನಲ್ಲಿದ್ದ ತೀರ್ಪುಗಾರ್ತಿಯ ಮುಖ ನೋಡಿ, ಬೆಳಿಗ್ಗೆಯಿಂದ ಇವರಿಗೆ ಚಹ ಸಿಕ್ಕಿಲ್ಲ ಎಂದು ಕಣಿ ಹೇಳಿದಳು. ಅದು ನಿಜವಾಗಿತ್ತು. ಸಮಯದ ಗಂಟೆ ಮೂರು ಸಲ ಹೊಡೆಯಿತು. ಇಬ್ಬರೂ ಏಳಲಿಲ್ಲ.

ಶಿವಲೀಲಾ ಏಳು ನಿಮಿಷ ಮಾತಾಡಿದ್ದಳು. ಅಜಿತ ಆಮೇಲೆ ಒಬ್ಬನೇ ನಿಂತು ತನ್ನ ಮೂರು ನಿಮಿಷ ಮುಗಿಸಿದ. ಎರಡು ಸಲ ತೊದಲಿದ. ಅವನಿಗೆ ಎರಡನೇ ಬಹುಮಾನ ಬಂತು.

ಶಿವಲೀಲಾಳನ್ನು ಸ್ಪರ್ಧೆಯಿಂದ ಅನರ್ಹಗೊಳಿಸಲಾಯಿತು. ಕಾರಣ ಸಮಯ ಮೀರಿದ್ದು. ಪ್ರಾಂಶುಪಾಲರು ಸಮಯಪಾಲನೆಯ ಮಹತ್ವದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು.

ಮರುದಿನ ಬೆಳಿಗ್ಗೆ ಅವಳು ಹೊಳೆಯ ದಂಡೆಗೆ ಬಂದಳು. ಮರುಳಯ್ಯನವರು ಕಲ್ಲಿನ ಮೇಲೆ ಕೂತು ಧೋತರ ಒಗೆಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದಳು.

“ಸುಮ್ಮನ ನಿಂತಾಗ ಬಹುಮಾನ ಕೊಟ್ರು. ಮಾತಾಡಿದ್ದಕ್ಕ ಹೊರಗ ಹಾಕಿದ್ರು.”

“ಬಿ.ಎಡ್. ಅರ್ಜಿ?”

“ನಿನ್ನೇನ ಹಾಕಿದೆ, ಫೋನಿನ್ಯಾಗ. ಆದ್ರ ಅಜ್ಜಾರ, ಹೆದರಿಕಿ ಹೋಗಿದ್ದಿಲ್ಲ. ಕಡೀತನಕ ಅಲ್ಲೇ ಇತ್ತು. ನಾಳೆ ನಲವತ್ತು ಹುಡುಗರ ಮುಂದ ನಿಂತಾಗ ಕೈ ನಡುಗಿದ್ರ ಏನು ಮಾಡ್ಲಿ?”

“ಯಮನ ಕೈ ಹಿಡದಿದ್ಯಲ್ಲಾ, ಅದು ನಡುಗ್ತಿತ್ತೇನು?”

“ಹೂನ್ರಿ.”

“ನಿಂದು?”

“ಅದೂ ನಡುಗ್ತಿರಬೇಕು.”

“ಯಾರದು ಹೆಚ್ಚು ನಡುಗ್ತಿತ್ತು?”

ಶಿವಲೀಲಾ ತನ್ನ ಅಂಗೈ ನೋಡಿಕೊಂಡಳು. ನೆನಪು ಮಾಡಿಕೊಂಡಳು. ಮತ್ತೊಮ್ಮೆ ಮಾಡಿಕೊಂಡಳು.

“ಗೊತ್ತಾಗ್ಲಿಲ್ರಿ. ಎರಡೂ ಕೂಡೇ ಇದ್ವು.”

ಮರುಳಯ್ಯನವರು ಧೋತರದ ಒಂದು ತುದಿಯನ್ನು ಹಿಂಡಲು ಅವಳ ಕೈಗೆ ಕೊಟ್ಟರು.

“ಗೊತ್ತು ಮಾಡ್ಕೊಳ್ಳಾಕ ಹೋಗಬ್ಯಾಡ. ಅಲ್ಲೂ ನಡುಗೂ ಕೈ ಒಂದು ಇರತೈತಿ, ಅದನ್ನ ಹಿಡಕೋ.”