ನೆತ್ತಿಯವರೆಗಿನ ಅಳತೆ

ಎತ್ತರದ ಕಾರಿಗೆ ರಸ್ತೆಯುಬ್ಬು ತಾಗುವುದಿಲ್ಲವೆಂದು ಆಗ ಇಡೀ ಬಡಾವಣೆ ನಂಬಿತ್ತು. ಬೀದಿಯ ಉಬ್ಬಿಗೆ ಹೊಟ್ಟೆ ಉಜ್ಜುತ್ತದೆಂಬ ಒಂದೇ ದೂರಿನ ಮೇಲೆ ಪುಷ್ಪದಂತ ಮೇಷ್ಟ್ರು ಹದಿನಾಲ್ಕು ವರ್ಷದ ಸಣ್ಣ ಕಾರನ್ನು ಗುಜರಿಗೆ ಕೊಟ್ಟು, ಪುಟ್ಟ ಎಸ್‌ಯುವಿಯೊಂದನ್ನು ತಂದರು.

"ಜರುಗಯ್ಯ ಮುದುಕ, ನಾನು ಬೆಟ್ಟ ಹತ್ತುವ ವಂಶದವನು," ಎಂದಿತು ಹೊಸದು.

"ಮೊದಲು ಮನೆಮಂದಿ ಐವರನ್ನೂ ಹೊತ್ತು ಈ ಉಬ್ಬು ದಾಟು," ಎಂದು ಹಳೆಯದು ಸಿಡುಕಿತು. "ನನ್ನ ಹೊಟ್ಟೆ ನೋಡಿ ಹೊರಹಾಕಿದವರು ನಿನ್ನದನ್ನು ಅಳೆದರೇನು?"

"ಅಳೆದರಲ್ಲ, ನೆತ್ತಿಯವರೆಗೂ!"

ಪೂಜೆ ಮುಗಿಯಿತು. ಚಕ್ರದಡಿಯ ನಾಲ್ಕು ನಿಂಬೆಹಣ್ಣು ಹಿಸುಕಿ, ಐವರನ್ನೂ ಹೊತ್ತು ಹೊಸ ಕಾರು ಬೀಗುತ್ತ ಹೊರಟಿತು. ಗುಜರಿಯವನು ಹಳೆಯದಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಉಬ್ಬಿನ ಮೇಲೆ ಕರ್ರೆಂದು ಸದ್ದಾಯಿತು.

"ಯಾರಪ್ಪಾ ಅದು?" ಎಂದು ಹಳೆಯದು ಕೂಗಿ ಕೇಳಿತು.

"ಬಣ್ಣ ಹೊಸದು, ಉಜ್ಜಿದ ಜಾಗ ನಿನ್ನದೇ," ಎಂದಿತು ಉಬ್ಬು.

ಎರಡೂ ಕಾರುಗಳ ಹೊಟ್ಟೆ ನೆಲದಿಂದ ಏಳೇ ಇಂಚು ಮೇಲಿತ್ತು.